ಅಪ್‌ಡೇಟ್: ಅಮ್ಮನ ಜೊತೆ ಡರ್ಹ್ಯಾಮ್‌ಗೆ ಹೋಗಿಬಂದ್ವಿ

ಮಂಡಿನೋವಿರೋ ಅಮ್ಮನ್ನ ಕರಕೊಂಡು ಇಂಗ್ಲೆಂಡಿನ ಡರ್ಹ್ಯಾಮ್‌ನಲ್ಲಿ ಕಮ್ಮಿ ಖರ್ಚಲ್ಲಿ ಎಲ್ಲಿ ಉಳಿಯೋದು ಅಂತ ಕೇಳಿದ್ದೆನಲ್ಲ? ಬೇಸಿಗೆ ರಜೆಯಲ್ಲಿ ಯೂನಿವರ್ಸಿಟಿ ಕಾಲೇಜುಗಳ ರೂಮು ಬಾಡಿಗೆಗೆ ಸಿಗುತ್ತೆ ಅಂದವರಿಗೆ ದೊಡ್ಡ ನಮಸ್ಕಾರ, ಕೊನೆಗೆ ಅದೇ ಕೈಹಿಡೀತು.

ಹತ್ತಿರದ ನ್ಯೂಕ್ಯಾಸಲ್ ಊರಲ್ಲಿ ಉಳಿದು ರೈಲಲ್ಲಿ ಓಡಾಡೋ ಸಲಹೆ ಮೊದಲ ದಿನವೇ ಕೈಕೊಡ್ತು. ಡರ್ಹ್ಯಾಮ್ ಸ್ಟೇಷನ್ನೂ ಗುಡ್ಡದ ಮೇಲೆ, ಕೆಥೆಡ್ರಲ್ಲೂ (ಅಲ್ಲಿನ ದೊಡ್ಡ ಚರ್ಚು) ಗುಡ್ಡದ ಮೇಲೆ, ನಡುವೆ ವಿಯರ್ ನದಿ! ಇಳಿದು ಹತ್ತೋದರಲ್ಲೇ ಅಮ್ಮ ಸುಸ್ತು. ಮಂಡಿನೋವಿದ್ದರೆ ಟ್ಯಾಕ್ಸಿ ಹಿಡೀರಿ. ಕೆಥೆಡ್ರಲ್ ಗೋಪುರದ 325 ಮೆಟ್ಟಿಲು ನಾನೊಬ್ಬನೇ ಹತ್ತಿದೆ.

ಕೆಥೆಡ್ರಲ್ ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಕಾಣಿಕೆ ನಮ್ಮಿಷ್ಟ. ಗೊತ್ತಿರದೇ ಇದ್ದದ್ದು: ನೆಲದಲ್ಲೊಂದು ಕಪ್ಪು ಕಲ್ಲಿನ ಗೆರೆ ಇದೆ. ಸನ್ಯಾಸಿಗಳಿದ್ದ ಕಾಲದಲ್ಲಿ ಹೆಂಗಸರು ಅದನ್ನ ದಾಟೋ ಹಾಗಿರಲಿಲ್ಲವಂತೆ. ಅಮ್ಮ ಬೇಕಂತಲೇ ಎರಡು ಸಲ ದಾಟಿದರು, ಮಂಡಿನೋವು ಮರೆತು.