ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ: ಮಳೆಗಾಲದಲ್ಲಿ 108ಕ್ಕೆ ಫೋನ್ ಹೋಗೋ ಹಾಗೆ ಮಾಡೋದು ಹೇಗೆ?

(ಆನ್‌ಲೈನ್ ಚರ್ಚೆ. ಪ್ರತಿ ಭಾಗದ ಮೊದಲಿಗೆ ಇರೋದು ಬರೆದವರ ಅಡ್ಡಹೆಸರು.)

ಕಾನುಮನೆ: ಮನೆ ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ, ಎರಡು ಗುಡ್ಡದ ನಡುವೆ. ಅಪ್ಪ-ಅಮ್ಮ ಇಬ್ಬರೇ ಇರೋದು, ಅಪ್ಪನಿಗೆ ಹಾರ್ಟ್ ತೊಂದರೆ ಇದೆ. ಅಂಗಳದಲ್ಲಿ ಬಿಎಸ್‌ಎನ್‌ಎಲ್ ಒಂದು ಕಡ್ಡಿ, ಒಳಗೆ ಬಂದರೆ ಅದೂ ಇಲ್ಲ. ಫೈಬರ್ ಇದೆ, ಆದರೆ ಜೂನ್ ಆದಮೇಲೆ ಕರೆಂಟು ಹೋದರೆ ಎರಡು-ಮೂರು ದಿನ ಬರಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಖಾಲಿ. ಹೊರಗಿನ ಆಂಟೆನಾದಲ್ಲಿ ಹಿಡಿದ ಸಿಗ್ನಲ್ಲನ್ನು ಜೋರು ಮಾಡಿ ಒಳಗಿನ ಆಂಟೆನಾದಿಂದ ಬಿಡುತ್ತಲ್ಲ, ಆ ಸಿಗ್ನಲ್ ಬೂಸ್ಟರ್ ಹಾಕಿಸಬಹುದಾ?

ಡಿಬಿ ಲೆಕ್ಕ: ಬೂಸ್ಟರ್ ಬೇಡ. ಟೆಲಿಕಾಂ ಕಂಪನಿಗಳನ್ನು ಬಿಟ್ಟು ಬೇರೆಯವರು ಅದನ್ನು ಇಟ್ಟುಕೊಳ್ಳೋದೇ ಕಾನೂನಿಗೆ ವಿರುದ್ಧ. ಅದಲ್ಲದೆ ಒಳಗಿನ ಆಂಟೆನಾದ ಸಿಗ್ನಲ್ ಹೊರಗಿನದಕ್ಕೆ ತಾಗಿದರೆ ಸಭೆಯ ಮೈಕ್ ಕುಂಯ್ ಅಂತ ಕಿರುಚಿದ ಹಾಗೇ ಆಗುತ್ತೆ, ಸುತ್ತಲಿನವರ ಕರೆಯೂ ಕೆಡುತ್ತೆ.

ಕರೆಂಟು ಹೋದಮೇಲೆ ಅಂಗಳದ ಆ ಒಂದು ಕಡ್ಡಿ ಎಷ್ಟು ಗಂಟೆ ಉಳಿಯುತ್ತೆ ಅಂತ ಮೊದಲು ಬರೆದಿಡಿ. ಟವರಿನ ಬ್ಯಾಟರಿಯೇ ಮುಗಿದರೆ ಯಾವ ಆಂಟೆನಾ ಕಟ್ಟಿಯೂ ಉಪಯೋಗವಿಲ್ಲ. ಟವರ್ ಬದುಕಿರುತ್ತೆ ಅಂತಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ನೋಡಿ. 4ಜಿಯಲ್ಲಿ ಸುಮಾರು −105 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ದೂರ ಹೋದಷ್ಟೂ ದುರ್ಬಲ) ತನಕ ಮಾತಾಡಬಹುದು, −115 ಆದಮೇಲೆ ಕಡಿಯುತ್ತಾ ಇರುತ್ತೆ. ನಡುವೆ ಇದ್ದರೆ ಹೊರ ಆಂಟೆನಾ ಸಿಕ್ಕಿಸೋ ಜಾಗ ಇರುವ 4ಜಿ ರೂಟರ್ ತಗೊಂಡು, ಟವರ್ ದಿಕ್ಕಿಗೆ ಮುಖ ಮಾಡಿದ ಆಂಟೆನಾ ಕಟ್ಟಿ. ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಬರುತ್ತೆ, ಹಾಗಾಗಿ ರೂಟರಿಗೆ ಬ್ಯಾಂಡ್ 28 (ಆ 700ರ ಪಟ್ಟಿಯ ಹೆಸರು) ಇರಲೇಬೇಕು.

ಎಲ್ಲರೂ ಎಡವೋದು ಆಂಟೆನಾದಿಂದ ರೂಟರಿಗೆ ಬರುವ ಕೇಬಲ್‌ನಲ್ಲಿ. 900 ಮೆಗಾಹರ್ಟ್ಸ್ ಲೆಕ್ಕದಲ್ಲಿ 10 ಮೀಟರ್ ಆರ್‌ಜಿ-58 ಅನ್ನೋ ತೆಳು ಕೇಬಲ್ ಸುಮಾರು 5 ಡಿಬಿ ಸಿಗ್ನಲ್ ನುಂಗುತ್ತೆ, ಎಲ್‌ಎಂಆರ್-400 ಅನ್ನೋ ದಪ್ಪ ಕೇಬಲ್ ಆದರೆ 1.3 ಅಷ್ಟೇ.

ತಾಮ್ರದ ತಂತಿ: ಫೈಬರ್ ಇದೆ ಅಂದಮೇಲೆ ಆಂಟೆನಾ ಎರಡನೇ ಮಾತು. ಹಳೇ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರ್ತಿತ್ತು, ಮನೇಲಿ ಕರೆಂಟು ಬೇಕಿರಲಿಲ್ಲ. ಫೈಬರ್ ಅಂದರೆ ಗಾಜು, ಅದರಲ್ಲಿ ಬೆಳಕು ಬರುತ್ತೆ, ವಿದ್ಯುತ್ ಬರಲ್ಲ. ಮೋಡೆಮ್ ಎಚ್ಚರ ಇರಬೇಕು ಅಷ್ಟೇ.

ಮೋಡೆಮಿಗೆ ಸುಮಾರು 10 ವ್ಯಾಟ್ ಸಾಕು. ಇನ್ವರ್ಟರ್ ಏನೂ ಹಾಕದೆ ಆನ್ ಇದ್ದರೂ 15-20 ವ್ಯಾಟ್ ತಿನ್ನಬಹುದು. ಆದ್ದರಿಂದ ಮೋಡೆಮಿಗೇ ಅಂತ 12.8 ವೋಲ್ಟ್, 20 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬೇರೆ ಇಡಿ: 256 ವ್ಯಾಟ್-ಅವರ್, ನಷ್ಟ ಕಳೆದು, ಬಿಡದೆ ಉರಿಸಿದರೂ 20 ಗಂಟೆ. ಬೇಕಾದಾಗ ಮಾತ್ರ ಸ್ವಿಚ್ ಹಾಕಿದರೆ ಮೂರು ದಿನ ಆರಾಮ. ಹಾಕಿ ಎರಡು-ಮೂರು ನಿಮಿಷಕ್ಕೆ ಲೈನ್ ಬರುತ್ತೆ. ನೇರವಾಗಿ ಜೋಡಿಸಬೇಡಿ. ಚಾರ್ಜ್ ಆಗುವಾಗ ವೋಲ್ಟೇಜ್ 14.4ರ ತನಕ ಏರುತ್ತೆ, 12 ವೋಲ್ಟಿನ ಮೋಡೆಮ್ ಸುಡಬಹುದು. ನಡುವೆ ವೋಲ್ಟೇಜ್ ಏರಿದರೂ ಇಳಿದರೂ 12ರಲ್ಲೇ ನಿಲ್ಲಿಸೋ ಬಕ್-ಬೂಸ್ಟ್ ಕನ್ವರ್ಟರ್ ಹಾಕಿ, ಬ್ಯಾಟರಿಯ ಪ್ಲಸ್ ಹತ್ತಿರವೇ 3 ಆಂಪಿಯರ್ ಫ್ಯೂಸ್. ಆಗುಂಬೆಯ ಜುಲೈನಲ್ಲಿ ಸೋಲಾರ್ ನಂಬಿ ಕೂರಬೇಡಿ.

ಮೋಡೆಮಿನ ಹಿಂದೆ ಫೋನ್ ಪೋರ್ಟ್ ಇದ್ದು ವಾಯ್ಸ್ ಚಾಲೂ ಇದ್ದರೆ ತಂತಿಯ ಫೋನನ್ನೇ ಹಾಕಿ. ಕಾರ್ಡ್‌ಲೆಸ್ ಬೇಡ, ಅದರ ಬೇಸ್‌ಗೆ ಬೇರೆ ಕರೆಂಟು ಬೇಕು. ಜೊತೆಗೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ (ಮನೆಯ ವೈಫೈ ಮೂಲಕವೇ ಮಾಮೂಲಿ ಕರೆ) ಆನ್ ಮಾಡಿ. ಜಿಯೋ, ಏರ್‌ಟೆಲ್ ಸಿಮ್‌ಗಳು ಟವರ್ ಇಲ್ಲದೆಯೂ ಹೀಗೆ ಮಾತಾಡುತ್ತವೆ. ಆದರೆ 112 ಒತ್ತಿದಾಗ ಫೋನ್ ಮೊದಲು ಟವರನ್ನೇ ಹುಡುಕಬಹುದು. ಅದಕ್ಕೇ ಆಸ್ಪತ್ರೆಯ ನೇರ ನಂಬರ್, ಊರಿನ ಜೀಪಿನವರ ನಂಬರ್ ಬರೆದಿಟ್ಟಿರಬೇಕು.

ಕಾನುಮನೆ: ಮರ ಬಿದ್ದು ಫೈಬರೇ ತುಂಡಾದರೆ? ತಮ್ಮ ಅಮೆರಿಕದಿಂದ ಸ್ಯಾಟಲೈಟ್ ಮೆಸೇಜ್ ಸಾಧನ ತರ್ತೀನಿ ಅಂತಿದಾನೆ.

ಘಟ್ಟದ ದಾರಿ: ತರೋದು ಬೇಡ ಅನ್ನಿ. ಅನುಮತಿ ಇಲ್ಲದ ಸ್ಯಾಟಲೈಟ್ ಸಾಧನ ಕೈಲಿದ್ದರೆ ವಿಮಾನ ನಿಲ್ದಾಣದಲ್ಲೇ ಕೇಸ್ ಆಗಬಹುದು.

ಫೋನಿನಲ್ಲಿ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಬಂದರೆ ಬೇರೆ ಕಂಪನಿಯ ಟವರ್ ಸಿಗ್ತಿದೆ ಅಂತ ಅರ್ಥ. ಆಗ 108 ಅಲ್ಲ, 112 ಒತ್ತಿ. ಎಲ್ಲ ಫೋನುಗಳೂ ತುರ್ತು ಸಂಖ್ಯೆ ಅಂತ ಗುರುತಿಸೋದು ಅದನ್ನು. ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್‌ನಲ್ಲೇ ಇರಲಿ, ವಿಪತ್ತಿನ ಹೊತ್ತಲ್ಲಿ ಒಂದು ಕಂಪನಿಯ ಸಿಮ್‌ಗೆ ಇನ್ನೊಂದರ ಟವರ್ ತೆರೆದರೆ ಅದು ತಾನೇ ಹಿಡಿಯುತ್ತೆ. ಕರೆ ನಿಲ್ಲದ ಕಡೆ ಎಸ್‌ಎಂಎಸ್ ಹೋಗೋದುಂಟು, ಅದಕ್ಕೆ ಕ್ಷಣ ಹೊತ್ತಿನ ಸಿಗ್ನಲ್ ಸಾಕು. ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಇಳಿಯುತ್ತೆ, ಆದ್ದರಿಂದ ಬೇಡದ ಹೊತ್ತಲ್ಲಿ ಏರೋಪ್ಲೇನ್ ಮೋಡ್.

ಪಕ್ಕದ ಮನೆಯಲ್ಲೋ ದಿಬ್ಬದ ಮೇಲಿನ ಮನೆಯಲ್ಲೋ ಸಿಗ್ನಲ್ ಇದ್ದರೆ 446.0-446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟ್ ವಾಕಿಟಾಕಿ ಜೋಡಿ ತಗೊಳ್ಳಿ. ಇದಕ್ಕೆ ಲೈಸೆನ್ಸ್ ಬೇಡ, ಆದರೆ ಸರ್ಕಾರದ ಇಟಿಎ (ರೇಡಿಯೊ ಸಾಧನಕ್ಕೆ ಕೊಡೋ ಒಪ್ಪಿಗೆ) ಪ್ರಮಾಣಪತ್ರ ಇರುವ ಮಾದರಿಯೇ ಆಗಿರಬೇಕು. ಆನ್‌ಲೈನ್‌ನಲ್ಲಿ ಸಿಗೋ 5 ವ್ಯಾಟಿನ ಚೈನಾ ಸೆಟ್ ಇದಲ್ಲ. ಒದ್ದೆ ಕಾಡಿನ ಕಣಿವೆಯಲ್ಲಿ ಕೆಲವು ನೂರು ಮೀಟರ್ ಮಾತ್ರ ನೆಚ್ಚಿಕೊಳ್ಳಿ, ಪೆಟ್ಟಿಗೆ ಮೇಲೆ ಬರೆದ ಕಿಲೋಮೀಟರೆಲ್ಲ ಬಯಲಿನ ಲೆಕ್ಕ. ರಾತ್ರಿ ಎರಡು ಕಡೆಯೂ ಸೆಟ್ ಆನ್ ಇರಬೇಕು ಅನ್ನೋದನ್ನು ಆ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಫೋನಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ಮುಖ್ಯ ರಸ್ತೆಯಿಂದ ಯಾವ ತಿರುವು, ಗೇಟಿನ ಬಣ್ಣ, ಆಂಬುಲೆನ್ಸ್ ಎಲ್ಲಿ ತನಕ ಬರುತ್ತೆ, ಅಪ್ಪನ ಮಾತ್ರೆಗಳ ಹೆಸರು. ಗಾಬರಿಯಲ್ಲಿ ಅಮ್ಮ ಅದನ್ನು ನೋಡಿ ಓದಿದರೆ ಸಾಕು.