ರುಬ್ಬಿ ಕುದಿಸುವ ಸೂಪ್ ಮೇಕರ್‌ಗೆ ಯಾವ ಎಚ್‌ಎಸ್ ಕೋಡ್?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ಚೀನಾದಿಂದ ನೇರವಾಗಿ ಮಾಲು ತರಿಸೋಣ ಅಂತಿದೀವಿ: ಚಾರ್ಜ್ ಮಾಡುವ ಪುಟ್ಟ ಚಾಪರ್, ದಾರ ಎಳೆದು ತಿರುಗಿಸುವ ಚಾಪರ್, ಮತ್ತೆ ರುಬ್ಬಿ ಕುದಿಸುವ ಸೂಪ್ ಮೇಕರ್. ಅಲ್ಲಿನ ಪಾರ್ಟಿ ಇನ್‌ವಾಯ್ಸ್‌ನಲ್ಲಿ ಮೂರಕ್ಕೂ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಮಾಲು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) 8438 ಹಾಕಿದ್ದಾನೆ, ಡ್ಯೂಟಿ ಕಮ್ಮಿ ಅಂತಾನೆ. ಹಾಗೇ ಬಿಡಬಹುದಾ? ಒಂದು ಲಕ್ಷದ ಮಾಲಿಗೆ ಒಟ್ಟು ಎಷ್ಟು ಬೀಳುತ್ತೆ?

ಉತ್ತರ (ಕಸ್ಟಮ್ಸ್ ಬ್ರೋಕರ್): ಬಿಡಬೇಡಿ ಸರ್. 8438 ಕಾರ್ಖಾನೆ, ಹೋಟೆಲ್‌ನಂಥ ಕಡೆ ಆಹಾರ ತಯಾರಿಸುವ ಯಂತ್ರಗಳಿಗೆ. ಅಂಗೈಯಲ್ಲಿ ಹಿಡಿಯುವ ಚಾಪರ್‌ಗೆ ಆ ಕೋಡ್ ಹಾಕಿದರೆ ಆಫೀಸರ್ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ನಿಮ್ಮ ಹೆಸರಲ್ಲಿ. ವ್ಯತ್ಯಾಸದ ಸುಂಕ, ಬಡ್ಡಿ, ದಂಡ ಎಲ್ಲ ಕಟ್ಟೋರು ನೀವು, ಅವನಲ್ಲ.

ಒಳಗೆ ಏನಿದೆ ನೋಡಿ. ಮೋಟರ್ ಇರುವ ಮನೆಬಳಕೆಯ ಸಾಮಾನು 8509. ಬ್ಯಾಟರಿಯಲ್ಲಿ ಓಡಿದರೂ ಮೋಟರ್ ಮೋಟರೇ, ಹಾಗಾಗಿ ಚಾರ್ಜಿಂಗ್ ಚಾಪರ್ ಅಲ್ಲಿಗೆ ಹೋಗುತ್ತೆ. ದಾರ ಎಳೆಯೋದಕ್ಕೆ ಮೋಟರೇ ಇಲ್ಲ. ಕೈಯಿಂದ ನಡೆಯುವ, 10 ಕೆಜಿ ಮೀರದ ಅಡುಗೆ ಸಲಕರಣೆ ಅಂತ 8210. ಟೋಸ್ಟರ್, ಕಾಫಿ ಮೇಕರ್, ರೈಸ್ ಕುಕ್ಕರ್, ಮೈಕ್ರೋವೇವ್ ತರಹ ಕಾಯಿಸುವ ಸಾಮಾನೆಲ್ಲ 8516.

ತಕರಾರು ಇರೋದು ಸೂಪ್ ಮೇಕರ್‌ದು. ಎರಡು ಕೆಲಸ ಮಾಡುವ ಯಂತ್ರವನ್ನು ಅದರ ಮುಖ್ಯ ಕೆಲಸದ ಮೇಲೆ ವರ್ಗೀಕರಿಸಬೇಕು ಅಂತ ಸುಂಕ ಪಟ್ಟಿಯ 16ನೇ ವಿಭಾಗದ 3ನೇ ಟಿಪ್ಪಣಿ ಹೇಳುತ್ತೆ. ರುಬ್ಬೋದು ಮುಖ್ಯ ಆದರೆ 8509, ಕುದಿಸೋದು ಮುಖ್ಯ ಆದರೆ 8516. ಬರೀ ವ್ಯಾಟ್ ನೋಡಿ ತೀರ್ಮಾನಿಸಬೇಡಿ, ಹೀಟರ್ ಸಾಮಾನ್ಯವಾಗಿ ಮೋಟರ್‌ಗಿಂತ ಜಾಸ್ತಿನೇ ಎಳೆಯುತ್ತೆ. ಕ್ಯಾಟಲಾಗ್, ಬಟನ್‌ಗಳು, ಬ್ಲೇಡ್, ಯಾವುದಕ್ಕೆ ಅಂತ ಮಾರ್ತಾರೆ, ಎಲ್ಲ ಸೇರಿಸಿ ನೋಡಬೇಕು. ಮುಖ್ಯ ಯಾವುದು ಅಂತ ಹೇಳೋಕೇ ಆಗದಿದ್ದರೆ ಅದೇ ಪಟ್ಟಿಯ ವರ್ಗೀಕರಣ ನಿಯಮ 3(ಸಿ) ಪ್ರಕಾರ ಅಂಕಿಯಲ್ಲಿ ಕೊನೆಗೆ ಬರೋದು, ಅಂದರೆ 8516.

ಈಗ ದುಡ್ಡಿನ ವಿಷಯ. 2020ರ ಬಜೆಟ್‌ನಲ್ಲಿ ಮಿಕ್ಸಿ, ಓವನ್, ಟೋಸ್ಟರ್ ತರಹದವಕ್ಕೆ ಮೂಲ ಸುಂಕ ಶೇ. 10ರಿಂದ 20ಕ್ಕೆ ಏರಿತು. ಆ ದರ ಹಿಡಿದರೆ 1,00,000ಕ್ಕೆ 20,000. ಅದರ ಮೇಲೆ ಶೇ. 10 ಸೋಷಿಯಲ್ ವೆಲ್‌ಫೇರ್ ಸರ್‌ಚಾರ್ಜ್, 2,000. ಒಟ್ಟು 1,22,000ದ ಮೇಲೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), 21,960. ಎಲ್ಲ ಸೇರಿ 43,960 ರೂಪಾಯಿ. ಆ ಒಂದು ಲಕ್ಷ ಬರೀ ಮಾಲಿನ ಬೆಲೆಯಲ್ಲ, ಹಡಗಿನ ಬಾಡಿಗೆ, ವಿಮೆ ಸೇರಿದ್ದು.

ಪ್ರಶ್ನೆ: ಅಬ್ಬಾ, ಅರ್ಧಕ್ಕೆ ಅರ್ಧ ಆಯ್ತಲ್ಲ ಸರ್! ನಾವು ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದ್ದೀವಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಸ್ಕೀಮ್), ತೊಂದರೆ ಇದೆಯಾ?

ಉತ್ತರ: ಇದೆ. ರೆಗ್ಯುಲರ್‌ನಲ್ಲಿದ್ದರೆ ಆ 21,960 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತೆ, ವಾಪಸ್ ಸಿಗುತ್ತೆ, ಕೈಯಿಂದ ಹೋಗೋದು 22,000 ಮಾತ್ರ. ಕಾಂಪೊಸಿಷನ್‌ನಲ್ಲಿ ಕ್ರೆಡಿಟ್ ಇಲ್ಲ, ಪೂರ್ತಿ ನಿಮ್ಮ ಮೇಲೇ. ಆರ್ಡರ್‌ಗೆ ಮೊದಲು ಆಡಿಟರ್ ಜೊತೆ ಕೂತು ಮಾತಾಡಿ.

ಇನ್ನೊಬ್ಬ ಸದಸ್ಯರು: ಸರ್, 8509 ಆದ್ರೂ 20, 8516 ಆದ್ರೂ 20. ಮತ್ತೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ?

ಉತ್ತರ: ಇವತ್ತು ಒಂದೇ. ನಾಳೆ ಬಜೆಟ್‌ನಲ್ಲಿ ಒಂದಕ್ಕೆ ಮಾತ್ರ ಬದಲಾದರೆ? ಹಳೇ ಬಿಲ್‌ಗಳನ್ನೇ ತೆಗೆದು ಕೇಳ್ತಾರೆ. ಅನುಮಾನ ಇರುವ ಐಟಂ ಪದೇ ಪದೇ ತರಿಸೋದಾದರೆ ಮುಂಬೈ ಅಥವಾ ದೆಹಲಿಯ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ (ಯಾವ ಕೋಡ್ ಅಂತ ಮುಂಚಿತವಾಗಿ ತೀರ್ಪು ಕೊಡುವ ಕಸ್ಟಮ್ಸ್ ಪ್ರಾಧಿಕಾರ) ಮೊದಲೇ ಅರ್ಜಿ ಹಾಕಬಹುದು.

ನನ್ನ ಕೇಳಿದರೆ ಸುಂಕಕ್ಕಿಂತ ಬಿಐಎಸ್‌ನಲ್ಲಿ (ಸರಕಿನ ಗುಣಮಟ್ಟ ಪ್ರಮಾಣೀಕರಿಸುವ ಭಾರತದ ಸಂಸ್ಥೆ) ಸಿಕ್ಕಿಕೊಳ್ಳೋರೇ ಜಾಸ್ತಿ. ಕಡ್ಡಾಯ ಪಟ್ಟಿಯಲ್ಲಿರುವ ಐಟಂ, ಉದಾಹರಣೆಗೆ ಮೈಕ್ರೋವೇವ್, ಆದರೆ ನೋಂದಣಿ ಆಮದುದಾರನ ಹೆಸರಲ್ಲಿ ಸಿಗೋದಲ್ಲ, ತಯಾರಿಸಿದ ಫ್ಯಾಕ್ಟರಿಗೆ ಸಿಗೋದು. ಮಧ್ಯವರ್ತಿ ಕಳಿಸುವ, ಯುರೋಪಿಗೆ ಬೇಕಾದ ಸಿಇ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ. ಪಕ್ಕದ ಫ್ಯಾಕ್ಟರಿಯ ನಂಬರ್ ತೋರಿಸಿದರೂ ನಡೆಯಲ್ಲ. ಅಡ್ವಾನ್ಸ್ ಕೊಡೋ ಮೊದಲು ಮಾಡೆಲ್ ನಂಬರ್, ಫ್ಯಾಕ್ಟರಿ ವಿಳಾಸ ತರಿಸಿಕೊಂಡು ಬಿಐಎಸ್ ಪಟ್ಟಿಗೆ ತಾಳೆ ನೋಡಿ.