ಪ್ರಿಂಟ್ ಖಾತೆಯಲ್ಲಿ 412 ರೂಪಾಯಿ ಉಳಿದಿದೆ, ಕೊಳೆಯಲು ಬಿಡಲೇ?

ಆನಂದಪುರದವಳು:
ಶಿವಮೊಗ್ಗದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಪ್ರತಿ ವರ್ಷ ಶುಲ್ಕದ ಜೊತೆಗೇ ಪ್ರಿಂಟಿಗೆಂದು ಕಾಲೇಜಿನವರು ದುಡ್ಡು ಹಿಡಿದುಕೊಳ್ಳುತ್ತಿದ್ದರು. ನಾನೋ ಜಿಪುಣಿ, ಎಲ್ಲವನ್ನೂ ಕೈಯಲ್ಲೇ ಬರೆದು ಉಳಿಸಿದೆ. ಈಗ ಖಾತೆಯಲ್ಲಿ 412 ರೂಪಾಯಿ ಇದೆ. ವಾಪಸ್ ಕೊಡುವುದಿಲ್ಲವಂತೆ, ಬೇರೆಯವರ ಖಾತೆಗೂ ಹಾಕುವುದಿಲ್ಲವಂತೆ. ಟಿ.ಸಿ. ತೆಗೆದುಕೊಂಡ ದಿನ ಸೊನ್ನೆ. ಎ4 ಹಾಳೆ, ಒಂದು ಬದಿಗೆ ಒಂದು ರೂಪಾಯಿ, ಲೇಸರ್ ಪ್ರಿಂಟರ್, ಬಣ್ಣ ಇಲ್ಲ.

ಗೆಳತಿಯರು ಹೊಸ ಕಾದಂಬರಿಗಳ ಪಿಡಿಎಫ್ ತೆಗೆಸು ಎನ್ನುತ್ತಾರೆ. ನನ್ನ ತಲೆಯಲ್ಲಿರುವುದು ಮನೆಯ 96 ಪುಟದ ಸಣ್ಣ ನೋಟ್‌ಬುಕ್. ಅಜ್ಜಿಗೆ ಓದುಬರಹ ಬಾರದು. ಅವಳು ಹೇಳಿದ ಹಾಡುಗಳನ್ನು ಅಮ್ಮ ಅದರಲ್ಲಿ ಬರೆದಿಟ್ಟಿದ್ದಾಳೆ: ಮದುವೆ ಮನೆಯ ಹಾಡುಗಳು, ಭೂಮಿ ಹುಣ್ಣಿಮೆಯ ರಾತ್ರಿಯವು. ನಡುನಡುವೆ ಹಾಲಿನ ಲೆಕ್ಕ. ಎರಡು ಪುಟಗಳಲ್ಲಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರದ ಪೆನ್ಸಿಲ್ ಗೆರೆ. ಕಳೆದ ಮಳೆಗಾಲದಲ್ಲಿ ಬೂಷ್ಟು ಹಿಡಿದು ಮೊದಲ ಪುಟಗಳ ಶಾಯಿ ಹರಡಿಕೊಂಡಿದೆ. ಚಿಕ್ಕಮ್ಮ, ಅತ್ತೆಯರದು ಏಳು ಮನೆ, ನಮ್ಮದೂ ಸೇರಿ ಎಂಟು. ಪುಟಕ್ಕೊಂದು ಬದಿ ಎಂದರೆ ನಾಲ್ಕೇ ಪ್ರತಿ. ಯಾವ ನಾಲ್ಕು ಮನೆಗೆ ಕೊಟ್ಟರೂ ಉಳಿದ ನಾಲ್ಕು ಮನೆಯವರು ಮಾತು ಬಿಡುತ್ತಾರೆ!

ದುರ್ಗಿಗುಡಿಯ ಹಳಬ:
ತಂಗೀ, ಹತ್ತೊಂಬತ್ತು ವರ್ಷ ಡಿಟಿಪಿ ಅಂಗಡಿ ನಡೆಸಿದವನು ನಾನು. ಎಂಟೂ ಮನೆಗೆ ಆಗುತ್ತದೆ. ಎ4 ಹಾಳೆಯನ್ನು ನಡುವೆ ಮಡಿಸಿದರೆ ಎರಡೂ ಬದಿ ಸೇರಿ ನಾಲ್ಕು ಪುಟ. 96 ಪುಟಕ್ಕೆ 24 ಹಾಳೆ, 48 ಬದಿ, 48 ರೂಪಾಯಿ. ಎಂಟು ಪ್ರತಿಗೆ 384. ಪ್ರಿಂಟ್ ಕೊಡುವಾಗ ಬುಕ್‌ಲೆಟ್ ಎಂಬ ಆಯ್ಕೆ ಇರುತ್ತದೆ, ಪುಟಗಳ ಜೋಡಣೆಯನ್ನು ಅದೇ ನೋಡಿಕೊಳ್ಳುತ್ತದೆ. ಕಾಗದ ಗಿಡ್ಡ ಅಂಚಿನ ಕಡೆಗೆ ಮಗುಚಬೇಕು. ಉದ್ದದ ಅಂಚು ಎಂದು ಒತ್ತಿದಿರೋ, ಹಿಂದಿನ ಪುಟವೆಲ್ಲ ತಲೆಕೆಳಗು. ಇದೊಂದು ತಪ್ಪಿನಿಂದ ನನ್ನ ಅಂಗಡಿಯಲ್ಲಿ ಹಾಳಾದ ಕಾಗದದಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

24 ಹಾಳೆಯನ್ನೂ ಒಟ್ಟಿಗೆ ಮಡಿಸಬೇಡಿ, ಒಳಗಿನವು ನಾಲಿಗೆ ಚಾಚುತ್ತವೆ. ಆರಾರು ಹಾಳೆಯ ನಾಲ್ಕು ಕಂತೆ ಮಾಡಿ. ಒಂದೊಂದು ಸಲಕ್ಕೆ 24 ಪುಟವನ್ನಷ್ಟೇ ಕಳಿಸಿ. ಮೊದಲು ಪೆನ್ಸಿಲ್ ಪುಟವಿರುವ ಕಂತೆಯೊಂದನ್ನೇ ತೆಗೆದು ನೋಡಿ, 12 ರೂಪಾಯಿ ಹೋದರೆ ಹೋಗಲಿ.

ಫೋಟೊವನ್ನು ಬೆಳಿಗ್ಗೆ ಜಗಲಿಯಲ್ಲಿ ತೆಗೆಯಿರಿ. ದೀಪದ ಕೆಳಗೆ ತೆಗೆದರೆ ಮೊಬೈಲಿನ ನೆರಳೇ ಬೀಳುತ್ತದೆ, ಪ್ರಿಂಟಿನಲ್ಲಿ ಅದು ಮಸಿ ಬಳಿದಂತೆ ಕಾಣುತ್ತದೆ. ಮುನ್ನುಡಿ ಟೈಪಿಸುವ ಹುರುಪು ಬಂದರೆ ಪಿಡಿಎಫ್ ಮಾಡಿಯೇ ಒಯ್ಯಿರಿ. ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೂತಿರುತ್ತವೆ.

ತೀರ್ಥಹಳ್ಳಿ ಅಕ್ಕ:
ಸ್ಟೇಪ್ಲರ್ ಹೊಡೆಯಬೇಡಮ್ಮ, ನಮ್ಮ ಮಳೆಗೆ ಪಿನ್ನು ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಕಾಗದವನ್ನೂ ಕೆಂಪು ಮಾಡುತ್ತದೆ. ಮಡಿಕೆಯ ಮೇಲೆ ದಬ್ಬಣದಿಂದ ಐದು ತೂತು ಮಾಡಿ, ಮೇಣ ಸವರಿದ ಹತ್ತಿ ದಾರದಲ್ಲಿ ಹೊಲಿ. ರಾತ್ರಿಯಿಡೀ ಮಣೆಯ ಕೆಳಗಿಟ್ಟು ಮೇಲೆ ಒರಳುಗುಂಡು ಹೇರು. ಲೇಸರ್ ಪ್ರಿಂಟಿನ ಮಸಿ ಕಾಗದಕ್ಕೆ ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ ಪುಡಿ, ತೇವಕ್ಕೆ ಹರಡುವುದಿಲ್ಲ. ಆದರೆ ಅಗ್ಗದ ಪ್ಲಾಸ್ಟಿಕ್ ಕವರಿನೊಳಗೆ ಹಾಕಿದರೆ ಅಕ್ಷರ ಕವರಿಗೇ ಹತ್ತಿಕೊಂಡು ಬರುತ್ತದೆ. ಬಟ್ಟೆಯಲ್ಲಿ ಸುತ್ತಿಡು. ಹಾಲಿನ ಲೆಕ್ಕವನ್ನು ಮಾತ್ರ ಕೈಬಿಡಬೇಡ, ಅದೂ ಇರಲಿ.

ಎಂ.ಎ. ಮೊದಲ ವರ್ಷ:
ಕಾದಂಬರಿ ಬೇಡವೆಂದದ್ದು ಒಳ್ಳೆಯದಾಯಿತು. ಲೇಖಕರು ತೀರಿಕೊಂಡು 60 ವರ್ಷದವರೆಗೂ ಹಕ್ಕು ಅವರ ಕಡೆಯವರದೇ. ಇನ್ನೊಂದು ಮಾತು, ಪರೀಕ್ಷೆಯ ಹಾಲ್ ಟಿಕೆಟ್ ಬರುವ ವಾರ ಆ ಪ್ರಿಂಟರ್ ಹತ್ತಿರ ಸುಳಿಯಬೇಡ.

ಆನಂದಪುರದವಳು:
ಹೇಗೆ ಬರುತ್ತದೆಂದು ನೋಡಲು ಒಂದು ಕಂತೆ ತೆಗೆದು ಶನಿವಾರ ಊರಿಗೆ ಒಯ್ದೆ. ಅಮ್ಮ ಅಕ್ಷರ ನೋಡಿ, "ನನ್ನ ಕೈಬರಹ ಇಷ್ಟು ಚೆನ್ನಾಗಿತ್ತೇ?" ಎಂದಳು. ಅಜ್ಜಿ ಮಾತ್ರ ಚಿತ್ತಾರದ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬೆರಳಿನಲ್ಲಿ ಒಂದೊಂದೇ ಗೆರೆ ಮುಟ್ಟುತ್ತಾ ಹೋದಳು. ಮೂಲೆಯಲ್ಲಿ ಬೆರಳು ನಿಂತಿತು. "ಇಲ್ಲಿ ಒಂದು ಎಳೆ ತಿಂದಿದ್ದೀಯಲ್ಲೇ?"

ನೋಟ್‌ಬುಕ್ ತೆರೆದು ನೋಡಿದರೆ ಹೌದು. ಫೋನಿನಲ್ಲಿ ಕಪ್ಪು-ಬಿಳುಪು ಎಂದು ಒತ್ತಿದ್ದೆ, ತೆಳುವಾದ ಪೆನ್ಸಿಲ್ ಗೆರೆ ಅಳಿಸಿಹೋಗಿತ್ತು. ಆ ಎರಡು ಪುಟಗಳನ್ನು ಬೂದು ಛಾಯೆ ಉಳಿಸಿಕೊಂಡು ಮತ್ತೆ ತೆಗೆದಿದ್ದೇನೆ. ನಾಳೆ ಆ ಹಾಳೆಯೊಂದನ್ನೇ ಎರಡು ರೂಪಾಯಿ ಕೊಟ್ಟು ಪ್ರಿಂಟ್ ಮಾಡಿಸುತ್ತೇನೆ. ಅಜ್ಜಿ ಒಪ್ಪಿದ ಮೇಲೆಯೇ ಎಂಟು ಪ್ರತಿ.